ಎದುರಾಳಿಯ ಋಣ

ಕಲ್ಕತ್ತೆಯ ಕಾಲ್ಚೆಂಡಾಟದಲ್ಲಿ ನಾನು ಈಸ್ಟ್ ಬೆಂಗಾಲ್ ಸಂಘದ ಅಭಿಮಾನಿ. ನಾಳಿನ ಪಂದ್ಯದಲ್ಲಿ ಮೋಹನ್ ಬಾಗಾನ್ ಸೋಲಲೆಂಬುದೇ ನನ್ನ ಪ್ರಾರ್ಥನೆ. ಆದರೆ ಸ್ವಪಕ್ಷದ ಪ್ರೇಮಕ್ಕೆ ಪರಪಕ್ಷದ ದ್ವೇಷವು ಅವಶ್ಯವೆ? 1889ರಲ್ಲಿ ಹುಟ್ಟಿದ ಆ ಸಂಘವಿಲ್ಲದಿದ್ದರೆ, 1920ರಲ್ಲಿ ಹುಟ್ಟಿದ ನಮ್ಮ ಸಂಘದ ಗೆಲವು ಉಪ್ಪಿಲ್ಲದ ಊಟವಾಗುತ್ತಿತ್ತು. ನಮ್ಮ ಹಿರಿಮೆಗೆ ಅಳತೆಗೋಲು ಅವರೇ. ಆ ಋಣವು ತೀರತಕ್ಕದ್ದಲ್ಲ. ಅದನ್ನು ಮರೆತ ರೋಷದಿಂದಲೇ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸಿನ ನೂಕುನುಗ್ಗಲಿನಲ್ಲಿ 16 ಮಂದಿ ಪ್ರೇಕ್ಷಕರು ಮಡಿದರು. 2024ರ ಆಗಸ್ಟಿನಲ್ಲಾದರೋ, ಪಂದ್ಯವೇ ರದ್ದಾದ ದಿನ, ಕೊಲೆಯಾದ ವೈದ್ಯೆಗೆ ನ್ಯಾಯವನ್ನು ಬೇಡುತ್ತ ಉಭಯ ಪಕ್ಷದವರೂ ಒಂದೇ ಬೀದಿಯಲ್ಲಿ ನಿಂತರು. ವಿರೋಧವು ಆಟದ ಧರ್ಮ. ದ್ವೇಷವು ಅದರ ವಿಕಾರ. ನಾಳೆ ಅವರು ಸೋಲಲೆಂದೇ ನನ್ನ ಆಸೆ. ಅವರಿಲ್ಲದಂತಾಗಲೆಂದು ಮಾತ್ರ ಎಂದಿಗೂ ಅಲ್ಲ.