ಮೈಲಿಗೆ ಬೇರೆ, ಮಾಲಿನ್ಯ ಬೇರೆ

*ಇಂದಿನ ಧಮ್ಮ ಚಿಂತನೆ*




ಕಳೆದ ಭಾನುವಾರ ಅಧ್ಯಯನಕ್ಕೆ ಕೂತಾಗ ಒಬ್ಬ ಉಪಾಸಿಕೆ ನೇರವಾಗಿಯೇ ಕೇಳಿದರು: "ಅಣ್ಣ, ಕೆರೆ ಉಳಿಸಿ ಅನ್ನೋದು ಬೆಳಿಗ್ಗೆ ವಾಕಿಂಗ್ ಬರೋರ ಮಾತು. ನಮ್ಮ ಜನಕ್ಕೆ ಕುಡಿಯೋ ನೀರೇ ಹೋರಾಟ. ಧಮ್ಮದ ತರಗತಿಯಲ್ಲಿ ಕೆರೆ ಯಾಕೆ?" ಆ ಹೊತ್ತಿಗೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ವಾರವೆಲ್ಲ ಅದೇ ತಲೆಯಲ್ಲಿತ್ತು. ಇವತ್ತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾದರೂ ಓದಿ.

ನಮ್ಮ ತಾತ ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ ನೀರಗಂಟಿ. ಕೆರೆಯ ತೂಬು ಎತ್ತುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು, ಮಳೆಗಾಲದ ರಾತ್ರಿ ಏರಿಯ ಮೇಲೆ ನಡೆದು ಎಲ್ಲಾದರೂ ನೀರು ಜಿನುಗುತ್ತಿದೆಯಾ ಎಂದು ನೋಡುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಇಷ್ಟು ಅಂತ ಕಾಳು ಕೊಡುತ್ತಿದ್ದರು. ತೂಬು ಬಿಗಿದುಕೊಂಡಾಗ ಉಸಿರು ಕಟ್ಟಿ ನೀರಿನ ತಳಕ್ಕೆ ಮುಳುಗಬೇಕಿತ್ತು. ಇಡೀ ಮೈ ಕೆರೆಯ ಒಳಗೆ! ಅದು ಯಾರಿಗೂ ಮೈಲಿಗೆ ಅನ್ನಿಸಲಿಲ್ಲ, ಏಕೆಂದರೆ ಗದ್ದೆಗೆ ನೀರು ಬೇಕಿತ್ತು. ಅದೇ ತಾತ ಏರಿಯ ಕೆಳಗಿನ ಊರ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಹೊಯ್ಯುವವರೆಗೆ ಅಜ್ಜಿ ಬಿಂದಿಗೆ ಇಟ್ಟುಕೊಂಡು ದೂರ ನಿಂತಿರಬೇಕಿತ್ತು.

ಆ ಬಾವಿಗೆ ನೀರು ಎಲ್ಲಿಂದ ಬರುತ್ತಿತ್ತು? ಕೆರೆಯಿಂದಲೇ. ಕೆರೆಯ ನೀರು ಮಣ್ಣಿನೊಳಗೆ ಬಸಿದು ಕೆಳಗಿನ ಬಾವಿಗಳನ್ನು ತುಂಬುತ್ತದೆ. ಕೆರೆ ಬತ್ತಿದ ವರ್ಷ ಬಾವಿಯೂ ಇಳಿಯುತ್ತದೆ, ಬಯಲುಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತಾತ ಮುಳುಗಿ ಎದ್ದ ನೀರನ್ನೇ ಊರವರು ಮಡಿಯಲ್ಲಿ ಸೇದಿ ಕುಡಿಯುತ್ತಿದ್ದರು. ಮಣ್ಣಿಗೆ ಆ ಭೇದ ಗೊತ್ತಿರಲಿಲ್ಲ.

ಈಗ ಮಹಾಡ್ ನೆನೆಯಿರಿ. ಚೌದಾರ್ ಕೆರೆಯನ್ನು ಎಲ್ಲರಿಗೂ ಮುಕ್ತಗೊಳಿಸಿ ಅಲ್ಲಿನ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಕಾಗದದ ಮೇಲೆ ಮಾತ್ರ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಆಮೇಲೆ ಸವರ್ಣೀಯರು ಕೆರೆಯನ್ನು 'ಶುದ್ಧಿ' ಮಾಡಿದರು. ಹೇಗೆ? ಸೆಗಣಿ, ಗಂಜಲ, ಹಾಲು, ಮೊಸರು ತುಂಬಿದ 108 ಗಡಿಗೆಗಳನ್ನು ಮಂತ್ರ ಹೇಳುತ್ತಾ ಸುರಿದು. ಹೈಕೋರ್ಟಿನಲ್ಲಿ ನಮ್ಮ ಪರ ತೀರ್ಪು ಬರಲು 1937ರ ಮಾರ್ಚ್‌ವರೆಗೆ ಕಾಯಬೇಕಾಯಿತು.

ಈ ಕಥೆಯನ್ನು ಪ್ರತಿ ವರ್ಷ ಕೇಳುತ್ತೇವೆ. ಒಮ್ಮೆ ಕೆರೆಯ ಕಡೆಯಿಂದಲೂ ಕೇಳೋಣ. ಬಾಬಾಸಾಹೇಬರ ಬೊಗಸೆಯಿಂದ ಅಲ್ಲಿನ ಒಂದು ಮೀನಿಗೂ ಏನೂ ಆಗಲಿಲ್ಲ. ಸುರಿದ ಸೆಗಣಿ ಮತ್ತು ಹಾಲು ಮಾತ್ರ ಕೆರೆ ಕಷ್ಟಪಟ್ಟು ಜೀರ್ಣಿಸಿಕೊಳ್ಳಬೇಕಾದ ವಸ್ತುಗಳು. ಇಂಥದ್ದು ನೀರಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ಕೊಳೆಸುತ್ತವೆ. ಕೊಳೆಸಲು ಅವು ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸುತ್ತವೆ. ಮೀನು ಉಸಿರಾಡುವುದೂ ಅದನ್ನೇ. ಅಂದರೆ ಅಂದು ಕೆರೆಗೆ ನಿಜವಾಗಿ ಕೊಳೆ ಸೇರಿದ್ದು 'ಶುದ್ಧಿ'ಯಿಂದ!

ಮೈಲಿಗೆಯನ್ನು ಅಳೆಯುವ ಉಪಕರಣ ಈ ಲೋಕದಲ್ಲಿಲ್ಲ. ಮಾಲಿನ್ಯವನ್ನು ಅಳೆಯಬಹುದು. ಮೀನು ಬದುಕಿ ಬೆಳೆಯಬೇಕಾದರೆ ಲೀಟರ್ ನೀರಿನಲ್ಲಿ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಇದ್ದದ್ದನ್ನು ಇದ್ದಂತೆ ನೋಡುವುದು ಎಂದು ತಥಾಗತರು ಕಲಿಸಿದರಲ್ಲ, ಅದರಲ್ಲಿ ಈ ವ್ಯತ್ಯಾಸ ತಿಳಿಯುವುದೂ ಸೇರಿದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015, 2017, 2018ರಲ್ಲಿ ಬೆಂಕಿ ಬಿತ್ತು. ನೀರಿಗೆ ಬೆಂಕಿ! ದಶಕಗಳ ಕಾಲ ಆ ಕೆರೆಗೆ ಊರಿನ ಕಕ್ಕಸಿನ ನೀರು, ಬಚ್ಚಲಿನ ನೀರು, ಸೋಪಿನ ನೀರು ಹರಿಯಿತು. ಮಡಿಯವರ ಮನೆಯದೂ ಹರಿಯಿತು, ನಮ್ಮ ಮನೆಯದೂ ಹರಿಯಿತು. ಅದನ್ನು ಯಾರೂ ಮೈಲಿಗೆ ಎನ್ನಲಿಲ್ಲ, 108 ಗಡಿಗೆ ತರಲಿಲ್ಲ. ಸೋಪಿನ ಪುಡಿಯಲ್ಲಿರುವ ರಂಜಕ, ಮಲಮೂತ್ರದಲ್ಲಿರುವ ಸಾರಜನಕ ಎರಡೂ ಗಿಡಕ್ಕೆ ಗೊಬ್ಬರ. ಕೆರೆಯ ತುಂಬ ಪಾಚಿ, ಅಂತರಗಂಗೆ ಹಬ್ಬಿಕೊಳ್ಳುತ್ತದೆ. ನೋಡಲು ಹಸಿರು. ಆದರೆ ಅಂತರಗಂಗೆಯ ಹಾಸು ನೀರಿಗೆ ಬೆಳಕು ಬೀಳದಂತೆ ಮುಚ್ಚುತ್ತದೆ. ಪಾಚಿ ಹಗಲಲ್ಲಿ ಆಮ್ಲಜನಕ ಕೊಟ್ಟರೂ ರಾತ್ರಿ ತಾನೇ ಹೀರುತ್ತದೆ. ಸತ್ತು ಕೊಳೆಯುವಾಗ ಇನ್ನಷ್ಟು ಹೋಗುತ್ತದೆ. ಹಾಗಾಗಿ ಉಸಿರು ತೀರಾ ಕಡಿಮೆಯಾಗುವುದು ನಸುಕಿನ ಹೊತ್ತಿಗೆ. ಸೂರ್ಯ ಹುಟ್ಟುವ ಮುಂಚೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬೆಳಗಾದ ಮೇಲೆ ನಾವು ಅವುಗಳ ಬೆಳ್ಳಗಿನ ಹೊಟ್ಟೆ ನೋಡುತ್ತೇವೆ.

ಇಲ್ಲಿ ನಾನು ಒಂದು ಕ್ಷಣ ನಿಲ್ಲುತ್ತೇನೆ. ಮ್ಯಾನ್‌ಹೋಲಿಗೆ, ಅಪಾರ್ಟ್‌ಮೆಂಟಿನ ಕೊಳಚೆ ಗುಂಡಿಗೆ ಇಳಿದು ಸಾಯುವ ನಮ್ಮ ಹುಡುಗರು ಹೇಗೆ ಸಾಯುತ್ತಾರೆ? ಅದೇ ಕೊಳೆ, ಮುಚ್ಚಿದ ಜಾಗದಲ್ಲಿ ಕೊಳೆತು ಆಮ್ಲಜನಕ ತಿಂದು ವಿಷಗಾಳಿ ಬಿಟ್ಟಿರುತ್ತದೆ. ಮನುಷ್ಯರನ್ನು ಹೀಗೆ ಇಳಿಸಬಾರದೆಂದು 2013ರ ಕಾನೂನು ಇದೆ, ಆದರೂ ಇಳಿಸುತ್ತಾರೆ. ಕೆರೆಯ ಮೀನಿಗೂ ಗುಂಡಿಯ ಮನುಷ್ಯನಿಗೂ ಉಸಿರು ಕಟ್ಟುವ ಕಾರಣದ ಬೇರು ಒಂದೇ: ನಾನು ಬಿಟ್ಟದ್ದು 'ಹೊರಗೆ' ಹೋಯಿತು ಎನ್ನುವ ನಂಬಿಕೆ. ಜಾತಿ ನಿಂತಿರುವುದೇ ಈ 'ಹೊರಗೆ' ಎಂಬ ಪದದ ಮೇಲೆ. ಊರ ಹೊರಗೆ ಕೇರಿ, ಕೇರಿಯ ಪಕ್ಕ ಚರಂಡಿಯ ಕೊನೆ.

ಪ್ರತೀತ್ಯ ಸಮುತ್ಪಾದ ಕಲಿತವರಿಗೆ 'ಹೊರಗೆ' ಎಂಬುದು ಇಲ್ಲ. ನಮ್ಮ ಕೆರೆಗಳನ್ನೇ ನೋಡಿ, ಒಂದರ ಕೋಡಿ ಮುಂದಿನದರ ಒಳಹರಿವು. ಬೆಳ್ಳಂದೂರು ತುಂಬಿದರೆ ವರ್ತೂರು, ವರ್ತೂರು ತುಂಬಿದರೆ ದಕ್ಷಿಣ ಪಿನಾಕಿನಿ, ಅಲ್ಲಿಂದ ತಮಿಳುನಾಡು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಪೈಪಿನಲ್ಲಿ ಕೋಲಾರದ ಕೆರೆಗಳಿಗೂ ಬಿಡುತ್ತಿದ್ದಾರೆ. ಬತ್ತಿದ ಕೆರೆ ತುಂಬಿದ್ದು ನಿಜ, ರೈತರಿಗೆ ಅದರಿಂದ ಆಸರೆಯಾದದ್ದೂ ನಿಜ. ಮೂರನೆಯ ಹಂತದ ಶುದ್ಧೀಕರಣವೂ ಬೇಕು ಎಂದು ಅಲ್ಲಿನವರು ಕೇಳುತ್ತಿರುವುದು ನ್ಯಾಯ. ನಾನು ಇಲ್ಲಿ ಸ್ನಾನ ಮಾಡಿದ ನೀರು ತಾತನ ಸೀಮೆಗೆ ಹೋಗುತ್ತಿದೆ.

ನೀರಿನ ಮಾತು ಬಂದರೆ ರೋಹಿಣಿ ನದಿಯ ಜಗಳದ ಕಥೆ ಹೇಳುವುದು ನಮ್ಮ ರೂಢಿ. ಇವತ್ತು ಅದು ಬೇಡ, ಅದಕ್ಕಿಂತ ಚಿಕ್ಕ ಸಂಗತಿ ಹೇಳುತ್ತೇನೆ. ಭಿಕ್ಖುವಿನ ಸ್ವತ್ತು ಎಂಟೇ ವಸ್ತು. ಮೂರು ಚೀವರ, ಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟದ ಪಟ್ಟಿ. ಎಂಟನೆಯದು ನೀರು ಸೋಸುವ ಬಟ್ಟೆ. ಜೀವಿಗಳಿವೆ ಎಂದು ತಿಳಿದ ನೀರನ್ನು ಬಳಸಬಾರದು, ಅದನ್ನು ಹುಲ್ಲಿನ ಮೇಲೂ ಸುರಿಯಬಾರದು ಎಂದು ವಿನಯದಲ್ಲಿ ನಿಯಮವಿದೆ. ಕಾಯಿಲೆ ಇಲ್ಲದ ಭಿಕ್ಖು ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಲೂ ಬಾರದು. ಸಂಘಕ್ಕೆ ಬಂದವನು ಯಾವ ಕುಲದವನು ಎಂದು ಬುದ್ಧರು ನೋಡಲಿಲ್ಲ, ಅವನು ನೀರಿಗೆ ಏನು ಬಿಡುತ್ತಾನೆ ಎಂದು ನೋಡಿದರು.

ಇನ್ನು ನಮ್ಮ ಲೆಕ್ಕ. ಗಣಪತಿ ಬಿಡುವವರನ್ನು ಬೈಯುವುದು ಸುಲಭ, ನಾವು ಗಣಪತಿ ಇಡುವುದಿಲ್ಲ. ಆದರೆ ಏಪ್ರಿಲ್ 14ರ ರಾತ್ರಿ ನಮ್ಮ ಜಯಂತಿಯ ಪ್ಲಾಸ್ಟಿಕ್ ಲೋಟ, ತಟ್ಟೆ, ಉಳಿದ ಅನ್ನ ಎಲ್ಲಿಗೆ ಹೋಯಿತು? ಹೋದ ವರ್ಷ ರಾಜಕಾಲುವೆಯ ಅಂಚಿಗೆ ಹಾಕಿದವರಲ್ಲಿ ನಾನೂ ಒಬ್ಬ. ಹುಣ್ಣಿಮೆಗೆ ಉಡುವ ಬಿಳಿ ಬಟ್ಟೆ ಬೆಳ್ಳಗಾಗಲೆಂದು ಒಂದು ಮುಷ್ಟಿ ಪುಡಿ ಜಾಸ್ತಿ ಹಾಕುವುದೂ ನಮ್ಮ ಮನೆಯಲ್ಲೇ.

ಪ್ರಶ್ನೆ ಕೇಳಿದ ತಂಗಿಗೆ ಹೇಳುವುದಿಷ್ಟು. ವಾಕಿಂಗ್ ಬರುವವರಿಗಿಂತ ಮೊದಲು ಈ ಕೆರೆಗಳನ್ನು ಕಾಯ್ದವರು ನಮ್ಮವರು. ಬರುವ ಭಾನುವಾರ ವಂದನೆ ಮುಗಿದ ಮೇಲೆ ವಿಹಾರದ ಅಡುಗೆಮನೆಯ ಕೊಳವೆ ಹಿಡಿದುಕೊಂಡು ನಡೆಯೋಣ, ಆ ನೀರು ಯಾವ ಚರಂಡಿಗೆ, ಯಾವ ಕೆರೆಗೆ ಸೇರುತ್ತದೆ ಅಂತ ನೋಡಿಬರೋಣ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ಮಕ್ಕಳನ್ನೂ ಕರೆತನ್ನಿ.

ಜೈಭೀಮ್. ನಮೋ ಬುದ್ಧಾಯ.