ಪ್ರಧಾನ ವೈದ್ಯನ ಆಯ್ಕೆ

ಪ್ರಜೆಯನ್ನು ರಣರಂಗಕ್ಕೆ ಕಳುಹಿಸಿದ ರಾಜ್ಯವು, ಅವನು ಗಾಯಗೊಂಡೋ ರೋಗಿಯಾಗಿಯೋ ಹಿಂದಿರುಗಿದಾಗ ಮಾಡಿಸುವ ಚಿಕಿತ್ಸೆಯು ದಾನವಲ್ಲ, ಅದು ಋಣಸಂದಾಯ. ದಾನ ಕೊಡುವವನು ತನಗೆ ತೋರಿದಾಗ ತೋರಿದಷ್ಟನ್ನು ಕೊಡಬಹುದು. ಸಾಲಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಆದುದರಿಂದ ನಿವೃತ್ತ ಯೋಧರ ಆಸ್ಪತ್ರೆಯಲ್ಲಿ ಕಾಯಚಿಕಿತ್ಸಾ ವಿಭಾಗಕ್ಕೆ ಮುಖ್ಯವೈದ್ಯನನ್ನು, ಪುರುಷನಾಗಲಿ ಸ್ತ್ರೀಯಾಗಲಿ, ಆರಿಸುವುದು ಬರಿಯ ಹುದ್ದೆ ತುಂಬುವ ಕಾರ್ಯವಲ್ಲ. ಆ ಋಣವನ್ನು ಯಾರ ಕೈಯಿಂದ ತೀರಿಸತಕ್ಕದ್ದೆಂಬ ಧರ್ಮವಿಚಾರವೂ ಅದರಲ್ಲಿ ಅಡಗಿರುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅನುಭವವು ಇದಕ್ಕೆ ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧವು ಮುಗಿದ 1945ರಲ್ಲಿ ಜನರಲ್ ಓಮರ್ ಬ್ರಾಡ್ಲಿಯು ಅಲ್ಲಿನ ನಿವೃತ್ತ ಯೋಧರ ಆಡಳಿತಕ್ಕೆ ಮುಖ್ಯನಾಗಿ, ವೈದ್ಯಕೀಯ ಭಾಗವನ್ನು ಪಾಲ್ ಹಾಲಿ ಎಂಬ ಸೇನಾವೈದ್ಯನಿಗೆ ಒಪ್ಪಿಸಿದನು. ಅದುವರೆಗೆ ವೈದ್ಯರ ನೇಮಕವು ಸರ್ಕಾರಿ ನೌಕರಿಯ ಸಾಮಾನ್ಯ ನಿಯಮಗಳಿಗೆ ಕಟ್ಟುಬಿದ್ದಿತ್ತು. 1946ರ ಜನವರಿಯ ಶಾಸನವು ಅವರನ್ನು ಆ ಕಟ್ಟಿನಿಂದ ಬಿಡಿಸಿತು. ಅದೇ ತಿಂಗಳಲ್ಲಿ ಆಸ್ಪತ್ರೆಗಳನ್ನು ವೈದ್ಯವಿದ್ಯಾಲಯಗಳೊಡನೆ ಕೂಡಿಸುವ ನೀತಿಯೂ ಹೊರಟಿತು. ಅಂದಿನಿಂದ ಇಂತಹ ಅನೇಕ ಆಸ್ಪತ್ರೆಗಳಲ್ಲಿ ವಿಭಾಗದ ಮುಖ್ಯನು ಸರ್ಕಾರದ ಅಧಿಕಾರಿಯೂ ವಿದ್ಯಾಲಯದ ಅಧ್ಯಾಪಕನೂ ಆಗಿರುತ್ತಾನೆ. ಅವನನ್ನು ಹುಡುಕುವಾಗ ಎರಡು ಅಪೇಕ್ಷೆಗಳು ಎದುರು ನಿಲ್ಲುತ್ತವೆ. ವಿದ್ಯಾಲಯಕ್ಕೆ ಕೀರ್ತಿವಂತನಾದ ಪಂಡಿತನು ಬೇಕು. ಕಚೇರಿಗೆ ಲೆಕ್ಕ ತಪ್ಪದ ಆಡಳಿತಗಾರನು ಬೇಕು. ಹಾಸಿಗೆಯ ಮೇಲಿರುವ ವೃದ್ಧ ಯೋಧನಿಗೆ ಎಂತಹವನು ಬೇಕೆಂದು ಕೇಳುವವರಾರು?

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಇವುಗಳಲ್ಲಿ ವೈದ್ಯನು ಪ್ರಧಾನನೆನ್ನುವುದಕ್ಕೆ ಅಲ್ಲಿ ಕೊಟ್ಟಿರುವ ಕಾರಣವು ಗಮನಾರ್ಹವಾದುದು. ಅವನು ಅರಿತವನು, ಶಾಸಿಸುವವನು, ಯೋಜಿಸುವವನು. ಯೋಜಿಸುವವನೆಂದರೆ ಕೂಡಿಸುವವನೆಂದೂ ಅರ್ಥವಾಗುತ್ತದೆ. ಈ ಮೂರು ಗುಣಗಳು ಪ್ರಸ್ತುತ ಪ್ರಶ್ನೆಗೂ ಒರೆಗಲ್ಲಾಗಬಲ್ಲವು.

ಅರಿವು ಬೇಕೆಂಬುದರಲ್ಲಿ ವಿವಾದವಿಲ್ಲ. ವಾಷಿಂಗ್ಟನ್ನಿನ ಯೋಧರ ಆಸ್ಪತ್ರೆಯ ಎಡ್ವರ್ಡ್ ಫ್ರೀಸ್ ಎಂಬ ವೈದ್ಯನ ನೇತೃತ್ವದಲ್ಲಿ ನಡೆದು 1967ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 143 ಮಂದಿ ರೋಗಿಗಳಿದ್ದರು. ತೀವ್ರವಾಗಿ ಏರಿದ ರಕ್ತದೊತ್ತಡವನ್ನು ಔಷಧದಿಂದ ತಗ್ಗಿಸಿದರೆ ಘೋರವಾದ ಅನರ್ಥಗಳು ಬಹುಮಟ್ಟಿಗೆ ತಪ್ಪುತ್ತವೆಂದು ಅದು ತೋರಿಸಿತು. ಅದರ ಫಲವು ಇಂದು ಲೋಕಕ್ಕೆಲ್ಲ ದೊರೆಯುತ್ತಿದೆ. ಹೀಗಿರುವಾಗ ಪಂಡಿತನೇ ಬೇಡವೆನ್ನುವುದು ರೋಗಿಗೆ ಬಗೆದ ದ್ರೋಹವಾದೀತು. ಆದರೆ ರೋಗಿಯನ್ನು ತನ್ನ ಪ್ರಬಂಧದ ಸಾಮಗ್ರಿಯೆಂದು ಮಾತ್ರ ಎಣಿಸುವ ಪಂಡಿತನು ವಿದ್ಯೆಯ ಋಣವನ್ನು ತೀರಿಸಿದರೂ ಯೋಧನ ಋಣವನ್ನು ತೀರಿಸಿದಂತಾಗದು.

ಶಾಸನವೂ ಬೇಕು. ಕರುಣೆಯೊಂದೇ ಸಾಲದು, ಸರದಿಯನ್ನು ನಿಯಮಿಸಲಾರದ ಮೃದುಹೃದಯನ ವಿಭಾಗದಲ್ಲಿ ರೋಗಿಯು ಕಾದು ಕಾದು ಕೆಡುತ್ತಾನೆ. ಆದರೆ ಶಾಸನವು ಅಂಕೆಗಳ ಆರಾಧನೆಯಾದರೆ ಏನಾಗುವುದೆಂಬುದನ್ನು 2014ರಲ್ಲಿ ಅರಿಜೋನಾದ ಫೀನಿಕ್ಸ್ ನಗರವು ತೋರಿಸಿತು. ಹೊಸ ರೋಗಿಯನ್ನು 14 ದಿನಗಳೊಳಗೆ ನೋಡಬೇಕೆಂಬ ಗುರಿಯು ಅಲ್ಲಿತ್ತು. ತನಿಖೆಯವರು 226 ಮಂದಿಯ ವಿಷಯವನ್ನು ಪರಿಶೀಲಿಸಿದಾಗ, ಆಸ್ಪತ್ರೆಯ ಲೆಕ್ಕದಲ್ಲಿ ಸರಾಸರಿ 24 ದಿನಗಳೆಂದಿದ್ದ ಕಾಯುವಿಕೆಯು ನಿಜವಾಗಿ 115 ದಿನಗಳೆಂದು ತಿಳಿಯಿತು. ಸುಮಾರು 1,700 ಮಂದಿಯ ಹೆಸರು ಅಧಿಕೃತ ಪಟ್ಟಿಯಲ್ಲಿಯೇ ಇರಲಿಲ್ಲ. ಇಲಾಖೆಯ ಮುಖ್ಯನಾಗಿದ್ದ ಜನರಲ್ ಎರಿಕ್ ಶಿನ್‌ಸೆಕಿಯು ಆ ಮೇ ತಿಂಗಳಲ್ಲಿ ರಾಜೀನಾಮೆಯಿತ್ತನು. ಈ ಸಂಗತಿಯನ್ನು ಹೊರಗೆಡಹಿದವರಲ್ಲಿ ಆ ಆಸ್ಪತ್ರೆಯಲ್ಲಿಯೇ ಕೆಲಸಮಾಡಿ ನಿವೃತ್ತನಾಗಿದ್ದ ಒಬ್ಬ ವೈದ್ಯನೂ ಇದ್ದನೆಂಬುದು ಮನನಯೋಗ್ಯವಾಗಿದೆ.

ಮೂರನೆಯ ಗುಣದ ಬೆಲೆಯು ಇಲ್ಲಿಯೇ ತಿಳಿಯುವುದು. ವಿಭಾಗದ ಮುಖ್ಯನು ಹಾಸಿಗೆಗೂ ಕಚೇರಿಗೂ ನಡುವಣ ಸೇತುವೆ. ಮೇಲಿನಿಂದ ಆಜ್ಞೆ ಇಳಿಯುವುದು ಸುಲಭ. ಕೆಳಗಿನಿಂದ ಅಪ್ರಿಯವಾದ ಸತ್ಯವು ಏರುವುದು ಕಷ್ಟ. ಏರಿಸುವವನಿಗೆ ಪ್ರಶಸ್ತಿ ಬಾರದು. ಕೆಲವು ವೇಳೆ ಹುದ್ದೆಗೇ ಸಂಚಕಾರ ಬರಬಹುದು. ಆದರೂ ಆ ಭಾರವನ್ನು ಹೊರದವನು ಎಷ್ಟು ಬಲ್ಲವನಾದರೇನು, ಎಷ್ಟು ದಕ್ಷನಾದರೇನು? ಅವನಲ್ಲಿ ಕೂಡಬೇಕಾದ ಎರಡು ದಡಗಳು ಕೂಡದೆಯೇ ಉಳಿಯುತ್ತವೆ.

ಹೆಚ್ಚು ಸಂಬಳವನ್ನು ಬಿಟ್ಟು ಬರುವವನೇ ಇಂತಹವನೆಂದು ಕೆಲವರು ಭಾವಿಸುವುದುಂಟು. ತ್ಯಾಗವು ಪೂಜ್ಯವಾದರೂ ಅದು ಯೋಗ್ಯತೆಯ ಪ್ರಮಾಣಪತ್ರವಲ್ಲ. ಸಂಬಳವನ್ನು ತ್ಯಜಿಸಿ ಹೆಸರನ್ನು ಬಯಸುವವರೂ ಇದ್ದಾರೆ. ಆರಿಸುವವರು ಬಂದವನ ಸಾಧನೆಗಳ ಪಟ್ಟಿಯನ್ನು ಓದಿದ ಮೇಲೆ ಬೇರೊಂದು ಪ್ರಶ್ನೆಯನ್ನು ಕೇಳುವುದು ಲೇಸು: ಅವನ ಹಿಂದಿನ ವಿಭಾಗದಲ್ಲಿ ತಪ್ಪು ಕಂಡಾಗ ಅವನು ಯಾರಿಗೆ ಹೇಳಿದನು? ಉತ್ತರವನ್ನು ಅವನಿಂದ ಮಾತ್ರವಲ್ಲದೆ ಅವನ ಕೈಕೆಳಗಿದ್ದ ಕಿರಿಯ ವೈದ್ಯರಿಂದಲೂ ದಾದಿಯರಿಂದಲೂ ತಿಳಿಯತಕ್ಕದ್ದು. ಮುಖ್ಯನಾದ ಮೇಲೂ ವರ್ಷದ ಕೆಲವು ವಾರಗಳನ್ನು ವಾರ್ಡಿನಲ್ಲಿ ಕಳೆಯುವನೇ ಎಂಬುದನ್ನೂ ವಿಚಾರಿಸತಕ್ಕದ್ದು. ಹಾಸಿಗೆಯ ಬಳಿ ನಿಂತವನಿಗೆ ಪಟ್ಟಿಯ ಸುಳ್ಳು ಬಹುಕಾಲ ಮರೆಯಾಗಿರಲಾರದು.

ಆಯ್ಕೆಯ ಸಮಿತಿಯಲ್ಲಿ ವಿದ್ಯಾಲಯಕ್ಕೆ ಪೀಠವುಂಟು, ಕಚೇರಿಗೆ ಪೀಠವುಂಟು. ಸರದಿಯಲ್ಲಿ ಕಾಯುತ್ತಿರುವ ಯೋಧನೂ ಅಲ್ಲಿ ಕುಳಿತು ಕೇಳುತ್ತಿರುವನೆಂದು ಭಾವಿಸಿ ಮಾತನಾಡುವವರು ಮಾಡಿದ ಆಯ್ಕೆಯು ತಪ್ಪಿದರೂ ಅಧರ್ಮವಾಗದು. ಅವನನ್ನು ಮರೆತು ಮಾಡಿದ ಆಯ್ಕೆಯು ಫಲಿಸಿದರೂ ಋಣವು ಋಣವಾಗಿಯೇ ಉಳಿಯುವುದು.