ಒಲವು, ಒಡೆತನ ಮತ್ತು ಅಪರಿಗ್ರಹ: ಹಗುರ ಕಾರಿನ ನಿಮಿತ್ತ ಒಂದು ವಿಚಾರ

ಮನುಷ್ಯನು ಒಂದು ವಸ್ತುವನ್ನು ಗಾಢವಾಗಿ ಪ್ರೀತಿಸಿಯೂ ಅದಕ್ಕೆ ಕಟ್ಟುಬೀಳದೆ ಇರಬಲ್ಲನೇ ಎಂಬುದು ಭಾರತೀಯ ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಹೊಲ, ಮನೆ, ಒಡವೆ, ದನಕರುಗಳನ್ನು ಮುಂದಿಟ್ಟುಕೊಂಡು ಹಿಂದಿನವರು ಚರ್ಚಿಸಿದ ಈ ಪ್ರಶ್ನೆಯನ್ನು ಇಂದು ಮತ್ತೆ ಪರೀಕ್ಷಿಸಬೇಕಾದರೆ, ಅವಶ್ಯಕತೆಯ ನೆಪವನ್ನು ಹೇಳಲು ಬಾರದ ವಸ್ತುವೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು. ಏಕೆಂದರೆ ಬೇಕೇಬೇಕಾದ ವಸ್ತುವಿನ ವಿಷಯದಲ್ಲಿ ಒಲವು ಎಷ್ಟು, ಅಗತ್ಯ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇಬ್ಬರೇ ಕೂರಬಹುದಾದ, ಮೇಲ್ಛಾವಣಿಯಿಲ್ಲದ, ತೂಕ ಕಡಿಮೆಯಿರುವ ಸ್ಪೋರ್ಟ್ಸ್ ಕಾರು ಅಂಥದೊಂದು ವಸ್ತು. ಅದರಲ್ಲಿ ಮನೆಮಂದಿಯೆಲ್ಲ ಕುಳಿತು ಮದುವೆಗೆ ಹೋಗುವಂತಿಲ್ಲ, ಸಾಮಾನು ಹಿಡಿಸುವುದಿಲ್ಲ, ಮಳೆಗಾಲದಲ್ಲಿ ಬಟ್ಟೆಯ ಮುಚ್ಚಿಗೆಯ ಅಂಚಿನಿಂದ ನೀರು ಇಳಿಯುತ್ತದೆ, ಬೇಸಿಗೆಯಲ್ಲಿ ನೆತ್ತಿ ಕಾಯುತ್ತದೆ. ಇಷ್ಟಾದರೂ ಅದರ ಒಡೆಯರು ಅದನ್ನು ಪ್ರೀತಿಸುವಷ್ಟು ತೀವ್ರವಾಗಿ ಸಕಲ ಸೌಕರ್ಯದ ಕಾರುಗಳನ್ನು ಅವುಗಳ ಒಡೆಯರು ಪ್ರೀತಿಸುವುದು ಅಪರೂಪ.

ಈ ಪ್ರಶ್ನೆಯನ್ನು ವಿಚಾರಿಸಲು ಪುಣೆಗಿಂತ ತಕ್ಕ ಊರು ಸಿಗಲಾರದು. ಒಂದು ಕಡೆ ಪಿಂಪ್ರಿ, ಆಕುರ್ಡಿ, ಚಾಕಣಗಳ ಕಾರ್ಖಾನೆಗಳೂ, 1966ರಲ್ಲಿ ಸ್ಥಾಪನೆಗೊಂಡ ಭಾರತೀಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐಯೂ ಈ ನಗರವನ್ನು ದೇಶದ ವಾಹನೋದ್ಯಮದ ಮುಖ್ಯ ನೆಲೆಗಳಲ್ಲೊಂದನ್ನಾಗಿ ಮಾಡಿವೆ. ಇನ್ನೊಂದು ಕಡೆ ಸಂತ ಜ್ಞಾನೇಶ್ವರರ ಆಳಂದಿಯೂ ಸಂತ ತುಕಾರಾಮರ ದೇಹುವೂ ನಗರಕ್ಕೆ ತಾಗಿಕೊಂಡೇ ಇವೆ. ವಾಹನವನ್ನು ಕಟ್ಟುವ ವಿದ್ಯೆ ಮತ್ತು ಬಿಟ್ಟುಕೊಡುವ ವಿದ್ಯೆ ಎರಡೂ ಇಲ್ಲಿ ನೆರೆಹೊರೆಯಲ್ಲಿ ಬೆಳೆದಿವೆ.

ಹಗುರ ಕಾರಿನ ಹಿಂದಿರುವ ತತ್ತ್ವವನ್ನು ಸ್ಪಷ್ಟವಾಗಿ ಆಚರಣೆಗೆ ತಂದವರು ಇಂಗ್ಲೆಂಡಿನ ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್ಮನ್ (1928–1982). ಅವರ ಎಣಿಕೆಯಲ್ಲಿ ಕಾರಿನ ವೇಗವನ್ನು ಹೆಚ್ಚಿಸುವ ಮೊದಲ ದಾರಿ ಎಂಜಿನ್ನಿನ ಬಲವನ್ನು ಏರಿಸುವುದಲ್ಲ, ತೂಕವನ್ನು ಇಳಿಸುವುದು. ಭಾರವು ತನ್ನಷ್ಟಕ್ಕೆ ತಾನು ಭಾರವನ್ನು ಹುಟ್ಟಿಸುತ್ತದೆ: ಕಾರು ತೂಕವಾದರೆ ದೊಡ್ಡ ಎಂಜಿನ್ ಬೇಕು, ಅದನ್ನು ಹೊರಲು ಗಟ್ಟಿಯಾದ ಚೌಕಟ್ಟು ಬೇಕು, ಇವೆರಡನ್ನೂ ನಿಲ್ಲಿಸಲು ದೊಡ್ಡ ಬ್ರೇಕು ಬೇಕು, ಎಲ್ಲಕ್ಕೂ ಇಂಧನ ಹೆಚ್ಚು ಬೇಕಾದ್ದರಿಂದ ಟ್ಯಾಂಕೂ ದೊಡ್ಡದಾಗಬೇಕು. ಈ ಸರಪಣಿಯನ್ನು ಮೊದಲ ಕೊಂಡಿಯಲ್ಲೇ ಕಡಿದ ಕಾರು 1957ರ ಲೋಟಸ್ ಸೆವೆನ್. 1989ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆ ಎಂಎಕ್ಸ್-5 ಕಾರಿನ ಮೂಲಕ ಇದೇ ಸರಳತೆಯನ್ನು ಮಧ್ಯಮ ವರ್ಗದ ಕೈಗೆಟುಕಿಸಿತು. 1996ರಲ್ಲಿ ಬಂದ ಲೋಟಸ್ ಎಲೀಸ್‌ನ ಒಟ್ಟು ತೂಕ ಸುಮಾರು 725 ಕಿಲೊ, ಅಂಟಿನಿಂದ ಬೆಸೆದ ಅದರ ಅಲ್ಯೂಮಿನಿಯಂ ಚೌಕಟ್ಟಿನದು ಸುಮಾರು 68 ಕಿಲೊ ಮಾತ್ರ. ಭಾರತದಲ್ಲಿ ಈ ಸಾಲಿಗೆ ಸೇರುವ ಕಾರುಗಳು ವಿರಳ. ಬೆಂಗಳೂರು ಮೂಲದ ಸ್ಯಾನ್ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಗೋವೆಯಲ್ಲಿ ತಯಾರಿಸಿದ, ಫೈಬರ್‌ಗ್ಲಾಸ್ ಮೈಯ, ರೆನೋದ 1.2 ಲೀಟರ್ ಎಂಜಿನ್ನಿನ ಸ್ಯಾನ್ ಸ್ಟಾರ್ಮ್ ಅವುಗಳಲ್ಲೊಂದು. ಪುಣೆಯಿಂದ ಸಹ್ಯಾದ್ರಿಯನ್ನು ಇಳಿದರೆ ಸಿಗುವ ಅಲಿಬಾಗದ ಬಳಿ ಲೋಟಸ್ ಸೆವೆನ್‌ನ ಮಾದರಿಯಲ್ಲಿ ಕಟ್ಟಿದ ಚಿಂಕಾರಾ ರೋಡ್‌ಸ್ಟರ್ ಇನ್ನೊಂದು.

ಈ ಕಾರುಗಳ ರಚನೆಯಲ್ಲಿರುವ ಒಂದು ಸಂಗತಿಯನ್ನು ಇಲ್ಲಿ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದಿನ ವಿಚಾರಕ್ಕೆಲ್ಲ ಅದೇ ಆಧಾರ. ಸಾಮಾನ್ಯ ಕಾರಿನಲ್ಲಿ ಮೇಲ್ಛಾವಣಿಯು ಕೇವಲ ನೆರಳಲ್ಲ. ಕಾರು ತಿರುವಿನಲ್ಲಿ ಹೊರಳುವಾಗ ಅಥವಾ ಗುಂಡಿಗೆ ಇಳಿಯುವಾಗ ಇಡೀ ಮೈ ತಿರುಚಿಕೊಳ್ಳದಂತೆ ಹಿಡಿದಿಡುವ ಕೆಲಸದಲ್ಲಿ ಅದಕ್ಕೂ ಪಾಲುಂಟು. ಅದನ್ನು ಸುಮ್ಮನೆ ಕತ್ತರಿಸಿ ತೆಗೆದರೆ ಕಾರು ಹಗುರವಾಗುವುದರ ಜತೆಗೆ ಸಡಿಲವೂ ಆಗುತ್ತದೆ, ಬಾಗಿಲುಗಳು ಸರಿಯಾಗಿ ಕೂರುವುದಿಲ್ಲ, ಚಕ್ರಗಳು ಹೇಳಿದ ಮಾತು ಕೇಳುವುದಿಲ್ಲ. ಆದ್ದರಿಂದ ಛಾವಣಿ ಹೊರುತ್ತಿದ್ದ ಹೊಣೆಯನ್ನು ತಳದ ಚೌಕಟ್ಟಿಗೆ, ಅದರಲ್ಲೂ ಬಾಗಿಲಿನ ಕೆಳಗೆ ಉದ್ದಕ್ಕೂ ಹಾಯುವ ತೊಲೆಗಳಿಗೆ, ವಹಿಸಬೇಕಾಗುತ್ತದೆ. ಎಲೀಸ್‌ನ ಒಳಗೆ ಕೂರುವವರು ಎತ್ತರವಾದ ಅಗಲ ಹೊಸ್ತಿಲೊಂದನ್ನು ದಾಟಿ ಇಳಿಯಬೇಕಾಗಿರುವುದು ಇದೇ ಕಾರಣಕ್ಕೆ. ಹಾಗಾಗಿ ಕಳೆಯುವುದು ಸುಲಭವಾದರೂ ಕಳೆದ ಮೇಲೆ ನಿಲ್ಲುವುದು ಸುಲಭವಲ್ಲ. ಮೇಲಿನದನ್ನು ಬಿಡಬೇಕಾದರೆ ಬುಡ ಗಟ್ಟಿಯಾಗಿರಬೇಕು.

ಇಂಥ ಕಾರಿನ ಒಡೆಯರ ಒಲವು ಹೆಚ್ಚಾಗಿ ದುಡಿಮೆಯ ರೂಪದಲ್ಲೇ ಕಾಣಿಸಿಕೊಳ್ಳುತ್ತದೆ. ತಯಾರಿಕೆ ನಿಂತುಹೋದ ಕಾರಿಗೆ ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವುದಿಲ್ಲವಾದ್ದರಿಂದ, ಯಾವ ಕಾರಿನ ಯಾವ ಭಾಗ ಇದಕ್ಕೆ ಹೊಂದುತ್ತದೆ ಎಂಬ ತಿಳಿವಳಿಕೆಯನ್ನು ಒಡೆಯರು ಪರಸ್ಪರ ಹಂಚಿಕೊಳ್ಳುತ್ತಾರೆ. ಫೈಬರ್‌ಗ್ಲಾಸ್ ಮೈಯಲ್ಲಿ ಬಿರುಕು ಬಿಟ್ಟರೆ ಅದರ ಅಂಚನ್ನು ಇಳಿಜಾರಾಗಿ ಉಜ್ಜಿ, ಗಾಜಿನ ನಾರಿನ ಹಾಳೆಯನ್ನು ರೆಸಿನ್‌ನಲ್ಲಿ ನೆನೆಸಿ, ಗಾಳಿಗುಳ್ಳೆ ಉಳಿಯದಂತೆ ಬ್ರಷ್ಷಿನಿಂದ ತಟ್ಟಿ ತಟ್ಟಿ ಕೂರಿಸಿ, ಗಟ್ಟಿಯಾದ ಮೇಲೆ ಉಪ್ಪುಕಾಗದದಿಂದ ನಯಗೊಳಿಸಬೇಕು. ಅವಸರಪಟ್ಟವನಿಗೆ ಅದೇ ಜಾಗದಲ್ಲಿ ಬಿರುಕು ಮತ್ತೆ ಕಾಣಿಸಿಕೊಳ್ಳುತ್ತದೆ. ಇಷ್ಟು ಮಾಡಿದವನು ಬೆಳಗಿನ ಜಾವ ತಾಮ್ಹಿಣಿ ಘಾಟಿಗೋ ವಾಯಿಯ ಆಚೆಗಿನ ಪಸರಣಿ ಘಾಟಿಗೋ ಹೊರಟಾಗ, ಮುಚ್ಚಿದ ಕಾರಿನಲ್ಲಿ ತಿಳಿಯದ ಸಂಗತಿಗಳು ಅವನಿಗೆ ತಿಳಿಯುತ್ತವೆ: ತಿರುವಿನ ನೆರಳಲ್ಲಿ ಗಾಳಿ ತಟ್ಟನೆ ತಂಪಾಗುವುದು, ನೆನೆದ ಮಣ್ಣಿನ ವಾಸನೆ, ಟೈರಿನ ಹಿಡಿತ ಸಡಿಲವಾಗುವ ಮೊದಲು ಸ್ಟಿಯರಿಂಗಿನಲ್ಲಿ ಕೈಗೆ ಸಿಗುವ ಸೂಚನೆ.

ಈ ಒಲವಿಗೆ ಪ್ರಬಲವಾದ ಪೂರ್ವಪಕ್ಷವು, ಅಂದರೆ ಮೊದಲು ಎದುರಿಸಬೇಕಾದ ಆಕ್ಷೇಪವು, ಪುಣೆಯಲ್ಲೇ ರೂಪುಗೊಂಡಿತು. 1930ರಲ್ಲಿ ಯೆರವಡಾ ಜೈಲಿನಲ್ಲಿದ್ದ ಗಾಂಧೀಜಿ ಸಾಬರಮತಿ ಆಶ್ರಮದವರಿಗೆ ವಾರವಾರವೂ ಬರೆದ ಪತ್ರಗಳಲ್ಲಿ ಒಂದೊಂದೇ ವ್ರತವನ್ನು ವಿವರಿಸಿದರು. ಅವುಗಳಲ್ಲಿ ಅಪರಿಗ್ರಹವೂ ಒಂದು. ಪರಿಗ್ರಹವೆಂದರೆ ವಸ್ತುಗಳನ್ನು ತನ್ನದೆಂದು ಹಿಡಿದಿಟ್ಟುಕೊಳ್ಳುವುದು, ಅಪರಿಗ್ರಹವೆಂದರೆ ಆ ಹಿಡಿತವನ್ನು ಬಿಡುವುದು. ಗಾಂಧೀಜಿಯ ತರ್ಕದಲ್ಲಿ ಈ ವ್ರತವನ್ನು ಕೊನೆಯವರೆಗೆ ಒಯ್ದರೆ ಸೂರೂ ನಾಳೆಗೆಂದು ಕೂಡಿಟ್ಟ ಅನ್ನವೂ ಉಳಿಯುವುದಿಲ್ಲ, ದೇಹವೂ ಒಂದು ಪರಿಗ್ರಹವೇ ಆಗುತ್ತದೆ. ಪೂರ್ಣ ಆದರ್ಶ ಎಟುಕದಿದ್ದರೂ ತನ್ನ ಬೇಕುಗಳನ್ನು ಬೇಕೆಂದೇ ಕಡಿಮೆ ಮಾಡಿಕೊಳ್ಳುತ್ತ ಹೋಗುವುದು ಪ್ರತಿಯೊಬ್ಬನ ಕರ್ತವ್ಯ. ಈ ಅಳತೆಗೋಲಿನ ಮುಂದೆ ವಾರಕ್ಕೊಮ್ಮೆ ಮಾತ್ರ ಹೊರಬರುವ ಕಾರಿಗೆ ಯಾವ ಸಮರ್ಥನೆಯೂ ಇಲ್ಲವೆಂದು ತೋರುತ್ತದೆ. ಅದರ ತೂಕ ಕಡಿಮೆಯಿರಬಹುದು, ಆದರೆ ಅದನ್ನು ಇಟ್ಟುಕೊಳ್ಳಲು ಬೇಕಾದ ಹಣ, ಜಾಗ, ಬಿಡುವು ಇವು ಹಗುರವಲ್ಲ.

ಆಕ್ಷೇಪದ ಬಲವನ್ನು ಒಪ್ಪಿಕೊಂಡ ಮೇಲೂ, ಪರಿಗ್ರಹವು ಎಲ್ಲಿ ನೆಲೆಸಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಇದನ್ನು ಅತ್ಯಂತ ಸೂಕ್ಷ್ಮವಾಗಿ ವಿಚಾರಿಸಿದವರು ಜೈನ ದಾರ್ಶನಿಕರು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ ಕಾಣುತ್ತದೆ. ಮೂರ್ಛೆಯೆಂದರೆ ವಸ್ತುವಿನ ಬಗೆಗೆ ಎಚ್ಚರ ತಪ್ಪುವಷ್ಟು ಬೆಳೆದ ಮಮಕಾರ. ಕೈಯಲ್ಲಿ ಏನೂ ಇಲ್ಲದ ಭಿಕ್ಷುಕನೂ ಆಸೆಯಿಂದ ಪರಿಗ್ರಹಿಯಾಗಬಹುದು. ಹಾಗೆಂದು ಒಡೆತನಕ್ಕೆ ಇದು ಪರವಾನಗಿಯಲ್ಲ. ಹೊಲ, ಮನೆ, ಚಿನ್ನ, ಬೆಳ್ಳಿಗಳಂಥ ಬಾಹ್ಯ ಪರಿಗ್ರಹವು ಒಳಗಿನ ಮೂರ್ಛೆಗೆ ನಿಮಿತ್ತವಾಗುತ್ತದೆ ಎಂದೇ ಗೃಹಸ್ಥನಿಗೆ ಪರಿಗ್ರಹ ಪರಿಮಾಣವ್ರತವನ್ನು ವಿಧಿಸಲಾಯಿತು. ತನಗೆ ಇಷ್ಟು ಸಾಕೆಂದು ಮೊದಲೇ ಗೆರೆ ಎಳೆದು, ಆ ಗೆರೆಯನ್ನು ದಾಟದಿರುವುದೇ ಈ ವ್ರತ. ಇದನ್ನು ಕಾರಿಗೆ ಅನ್ವಯಿಸಿದರೆ ಎರಡು ಬಗೆಯ ಒಡೆಯರು ಬೇರೆಯಾಗಿ ಕಾಣುತ್ತಾರೆ. ಒಂದು ಹಳೆಯ ಕಾರನ್ನು ಮತ್ತೆ ಮತ್ತೆ ರಿಪೇರಿ ಮಾಡಿ ಓಡಿಸುವವನು ಒಂದು ಬಗೆ. ಒಂದರ ಬೆನ್ನಿಗೆ ಇನ್ನೊಂದನ್ನು ಕೊಂಡು ಸಾಲಾಗಿ ನಿಲ್ಲಿಸಿ, ಗೀರು ಬಿದ್ದೀತೆಂಬ ಭಯದಿಂದ ಯಾವುದನ್ನೂ ಓಡಿಸದವನು ಇನ್ನೊಂದು ಬಗೆ. ಮೊದಲನೆಯವನಲ್ಲಿ ವಸ್ತು ಉಪಯೋಗದಲ್ಲಿ ಸವೆಯುತ್ತದೆ, ಎರಡನೆಯವನಲ್ಲಿ ಒಡೆಯನೇ ಸವೆಯುತ್ತಾನೆ.

ಒಲವು ಕರ್ಮದ ಕಡೆಗೆ ಹರಿದಾಗ ಅದರ ಬಂಧಿಸುವ ಶಕ್ತಿ ಕುಂದುತ್ತದೆ ಎಂಬ ಈ ಮಾತಿಗೆ ಪುಣೆಯ ಚಿಂತಕರೊಬ್ಬರ ಬೆಂಬಲವಿದೆ. ಮಂಡಾಲೆಯ ಸೆರೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ಗೀತಾರಹಸ್ಯದಲ್ಲಿ ಲೋಕಮಾನ್ಯ ತಿಲಕರು, ಗೀತೆಯು ಬೋಧಿಸುವುದು ಕರ್ಮದ ತ್ಯಾಗವನ್ನಲ್ಲ, ಕರ್ಮದೊಳಗಿನ ಆಸಕ್ತಿಯ ತ್ಯಾಗವನ್ನು ಎಂದು ವಾದಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಆಲೂರ ವೆಂಕಟರಾಯರು ಆ ಗ್ರಂಥವನ್ನು ಕನ್ನಡಕ್ಕೆ ತಂದರು. ಘಾಟಿಯ ತಿರುವಿನಲ್ಲಿ ಪೂರ್ಣ ಎಚ್ಚರದಿಂದ ಕಾರು ನಡೆಸುವವನ ಮನಸ್ಸಿನಲ್ಲಿ ಆ ಗಳಿಗೆಗೆ ಒಡೆತನದ ನೆನಪೂ ಇರುವುದಿಲ್ಲ. ಆದರೆ ಈ ತಲ್ಲೀನತೆಯನ್ನೇ ಯೋಗವೆಂದು ಕರೆದುಬಿಡುವುದು ಆತುರದ ಮಾತಾಗುತ್ತದೆ, ಏಕೆಂದರೆ ಜೂಜಾಡುವವನೂ ತಲ್ಲೀನನಾಗಿರುತ್ತಾನೆ. ಕಠೋಪನಿಷತ್ತಿನ ಪ್ರಸಿದ್ಧ ರೂಪಕದಲ್ಲಿ ದೇಹವು ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿ ಸಾರಥಿ, ಆತ್ಮನು ರಥದಲ್ಲಿ ಕುಳಿತವನು. ರಥ ಎಷ್ಟು ಚೆನ್ನಾಗಿ ಓಡುತ್ತದೆ ಎನ್ನುವುದಕ್ಕಿಂತ ಸಾರಥಿ ಯಾವ ಕಡೆಗೆ ಮುಖ ಮಾಡಿದ್ದಾನೆ ಎಂಬುದೇ ಅಲ್ಲಿ ಮುಖ್ಯ. ಕಾರು ನಡೆಸುವವನ ವಿಷಯದಲ್ಲಿ, ರಸ್ತೆಯಲ್ಲಿ ಅವನು ಇತರರನ್ನು ಹೇಗೆ ಕಾಣುತ್ತಾನೆ ಎನ್ನುವುದರಿಂದ ಅದು ತಿಳಿಯುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ತನ್ನ ಸಂತೋಷಕ್ಕಾಗಿ ಇನ್ನೊಬ್ಬರ ಪ್ರಾಣವನ್ನು ಪಣಕ್ಕಿಡುವ ವೇಗವು ಹಿಂಸೆಯೇ ಹೊರತು ಒಲವಲ್ಲ.

ಪುಣೆಯಿಂದ ಸಾಸವಡಕ್ಕೆ ಹೋಗುವ ದಿವೆ ಘಾಟು ಈ ವಿಚಾರವನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಆಷಾಢ ಏಕಾದಶಿಗೆ ಮುನ್ನ ಜ್ಞಾನೇಶ್ವರರ ಪಲ್ಲಕ್ಕಿಯ ಜತೆಗೆ ಲಕ್ಷಾಂತರ ವಾರಕರಿ ಯಾತ್ರಿಕರು ಇದೇ ಏರನ್ನು ನಡೆದು ಹತ್ತಿ, ಮರಾಠಿ ಸಂತರೇ ಕನ್ನಡದ ದೇವರೆಂದು ಹಾಡಿದ ಪಂಢರಪುರದ ವಿಠ್ಠಲನೆಡೆಗೆ ಸಾಗುತ್ತಾರೆ. ಘಾಟಿನ ಆಚೆ ಕಾಣುವ ಪುರಂದರಗಡವು, ಒಂದು ಪರಂಪರೆಯ ನಂಬಿಕೆಯಂತೆ, ನವಕೋಟಿಯ ವ್ಯಾಪಾರವನ್ನು ತೊರೆದು ತಂಬೂರಿ ಹಿಡಿದ ಪುರಂದರದಾಸರ ಮೂಲಸ್ಥಳ. ಅವರು ಮಲೆನಾಡಿನವರೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ವಾರಕರಿಯ ಹಗುರಕ್ಕೂ ಕಾರಿನ ಹಗುರಕ್ಕೂ ಇರುವ ಅಂತರವನ್ನು ಮರೆಮಾಚಬಾರದು. ಅಲ್ಯೂಮಿನಿಯಂ, ಫೈಬರ್‌ಗ್ಲಾಸುಗಳ ಹಗುರವನ್ನು ಹಣ ಕೊಟ್ಟು ಕೊಳ್ಳಬಹುದು. ವಾರಕರಿಯ ಹಗುರವನ್ನು ಬಿಟ್ಟೇ ಪಡೆಯಬೇಕು. ದಾಸರ ಕಥೆಯಲ್ಲಿಯೂ ಸಂಪತ್ತು ಹೋದದ್ದಕ್ಕಿಂತ ದೊಡ್ಡ ಸಂಗತಿ, ಸಂಪತ್ತು ಹೊರುತ್ತಿದ್ದ ಭರವಸೆಯನ್ನೆಲ್ಲ ಹೊರಬಲ್ಲ ಭಕ್ತಿಯೊಂದು ಅವರ ಬುಡದಲ್ಲಿ ಗಟ್ಟಿಯಾಗಿ ನಿಂತದ್ದು. ಆ ಭಕ್ತಿಯಿಲ್ಲದೆ ಬಿಟ್ಟವನು ಛಾವಣಿ ಕತ್ತರಿಸಿದ ಸಾಮಾನ್ಯ ಕಾರಿನಂತೆ ಸಡಿಲವಾಗುತ್ತಾನೆ.

ಹಾಗಾದರೆ ಹಗುರ ಕಾರನ್ನು ಪ್ರೀತಿಸುವ ಗೃಹಸ್ಥನಿಗೆ ಧರ್ಮವು ಏನು ಹೇಳೀತು? ಕಾರನ್ನು ಇಂದೇ ಮಾರಿಬಿಡಬೇಕೆಂಬ ಅಪ್ಪಣೆಯೂ ಅಲ್ಲ, ಒಲವು ಶುದ್ಧವಾದ್ದರಿಂದ ಎಲ್ಲವೂ ಸರಿ ಎಂಬ ಸಮಾಧಾನವೂ ಅಲ್ಲ. ಅವನ ಕೈಯಲ್ಲಿ ಈಗಾಗಲೇ ಒಂದು ಪಾಠವಿದೆ: ಬೇಡದ್ದನ್ನು ಕಳೆದಷ್ಟೂ ಉಳಿದದ್ದರ ಅನುಭವ ಗಾಢವಾಗುತ್ತದೆ ಎಂಬುದನ್ನು ಅವನು ಶಾಸ್ತ್ರದಿಂದಲ್ಲ, ಸ್ಟಿಯರಿಂಗಿನಿಂದ ಕಲಿತಿದ್ದಾನೆ. ಆ ಪಾಠವನ್ನು ಕಾರಿನಲ್ಲೇ ನಿಲ್ಲಿಸಿ, ಮನೆಯಲ್ಲೂ ವ್ಯವಹಾರದಲ್ಲೂ ಗುಡ್ಡೆ ಹಾಕುತ್ತ ಹೋದರೆ ಅವನ ಒಲವು ಬರಿಯ ಅಭಿರುಚಿಯಾಗಿ ಉಳಿಯುತ್ತದೆ. ಕಾರಿನಾಚೆಗೂ ಒಯ್ದರೆ ಅದು ಸಾಧನೆಯ ಮೊದಲ ಮೆಟ್ಟಿಲಾಗುತ್ತದೆ. ಈ ಒಲವನ್ನು ಪರೀಕ್ಷಿಸಲು ಮೂರು ಪ್ರಶ್ನೆಗಳು ಸಾಕು. ಇಷ್ಟು ಸಾಕೆಂಬ ಗೆರೆಯನ್ನು ಅವನು ಎಳೆದಿದ್ದಾನೆಯೇ? ಆ ವಸ್ತುವಿಗೆ ಕಲೆ ಬಿದ್ದಾಗ ಅಥವಾ ಅದು ಇನ್ನೊಬ್ಬರ ಕೈಸೇರುವ ಕಾಲ ಬಂದಾಗ ಅವನ ಮನಸ್ಸು ನೆಲೆಯಲ್ಲಿ ನಿಲ್ಲುತ್ತದೆಯೇ? ಅವನ ಸಂತೋಷದಿಂದ ದಾರಿಯಲ್ಲಿ ನಡೆಯುವವನಿಗೆ ಕೇಡಿಲ್ಲವೇ? ಮೂರಕ್ಕೂ ಹೌದೆಂದು ಪ್ರಾಮಾಣಿಕವಾಗಿ ಹೇಳಬಲ್ಲವನಲ್ಲಿ ವಸ್ತುವಿದ್ದೂ ಮೂರ್ಛೆಯಿಲ್ಲ. ಹೇಳಲಾರದವನು ತನ್ನ ಕಾರಿನಿಂದ ಎಷ್ಟು ಕಿಲೊ ಇಳಿಸಿದರೂ, ಇಳಿಸಬೇಕಾದ ಭಾರಕ್ಕೆ ಇನ್ನೂ ಕೈ ಹಾಕಿಲ್ಲ.